ಮರಳುದಿಣ್ಣೆಯೂ ಜಂಗಮತತ್ತ್ವವೂ

ಪಡುಬಿದ್ರಿಯಿಂದ ಕಾರ್ಕಳದತ್ತ ಹೊರಟ ದಾರಿಯಲ್ಲಿ ಮೊದಮೊದಲು ಎದುರಾಗುವ ಊರುಗಳಲ್ಲೊಂದು ನಂದಿಕೂರು. ಹೆಸರಿನಲ್ಲಿಯೇ ನಂದಿಯ ದನಿಯನ್ನು ಹೊತ್ತಂತಿರುವ ಈ ಊರು ಮುರಕಲ್ಲಿನ ಕೆಂಪು ನೆಲ, ಬೈಲಿನ ಗದ್ದೆ, ತೆಂಗುಕಂಗುಗಳ ನೆರಳು ಇವುಗಳ ನಡುವೆ ನೆಲೆಸಿದೆ. ಮಳೆಗಾಲ ಬಂತೆಂದರೆ ಇಲ್ಲಿ ಮುಗಿಲು ಬಿಡುವಿಲ್ಲದೆ ಸುರಿಯುತ್ತದೆ. ಇಂತಹ ಊರಿನವರ ಮುಂದೆ ಮರುಭೂಮಿಯ ಮಾತನ್ನೆತ್ತಿದರೆ ಅವರು ನಕ್ಕಾರು. ಆದರೆ ಮರಳುದಿಣ್ಣೆಯು ಹೇಗೆ ಹುಟ್ಟುವುದೆಂಬುದನ್ನು ಕಾಣಲು ಜೈಸಲ್ಮೇರಿನವರೆಗೆ ಪಯಣ ಮಾಡಬೇಕಾದುದಿಲ್ಲ. ಕೆಲವೇ ಮೈಲಿ ಪಡುವಣಕ್ಕೆ ನಡೆದು ಕಡಲಂಚಿನಲ್ಲಿ ನಿಂತರೆ ಸಾಕು.

ಬಿಸಿಲೇರುವ ದಿನಗಳಲ್ಲಿ, ಅಪರಾಹ್ನದ ಕಡಲಗಾಳಿ ಎದ್ದ ಹೊತ್ತಿನಲ್ಲಿ, ಒಣಗಿದ ಹೊಯಿಗೆಯ ಮೇಲೆ ಕಣ್ಣಿಟ್ಟು ನಿಂತವನಿಗೆ ಅದು ತಾನಾಗಿಯೇ ಕಾಣುತ್ತದೆ. ಅಲೆ ತಂದೆಸೆದ ತೆಂಗಿನ ಸಿಪ್ಪೆಯೊಂದು ಅಲ್ಲಿ ಬಿದ್ದಿರುತ್ತದೆ. ಗಾಳಿಯು ಅದಕ್ಕೆ ತಾಗಿ ಎರಡಾಗಿ ಸೀಳುತ್ತದೆ. ಸಿಪ್ಪೆಯ ಮರೆಯಲ್ಲಿ ಅದರ ವೇಗವು ಮುರಿಯುತ್ತದೆ. ವೇಗ ಮುರಿದ ಗಾಳಿಗೆ ಹೊತ್ತುದನ್ನು ಹೊತ್ತುಕೊಂಡೇ ಹೋಗುವ ಬಲವಿಲ್ಲ. ಒಂದು ಕಣ ಬೀಳುತ್ತದೆ. ಅದರ ಮೇಲೆ ಹತ್ತು, ಹತ್ತರ ಮೇಲೆ ನೂರು. ಸಂಜೆಯಾಗುವಷ್ಟರಲ್ಲಿ ಸಿಪ್ಪೆಯ ಹಿಂದೆ ಬಾಲದಂತೆ ಚಾಚಿದ ಮೊಳದುದ್ದದ ಏರಿಯೊಂದು ಸಿದ್ಧವಾಗಿರುತ್ತದೆ. ಮಹಾಮರುಭೂಮಿಗಳಲ್ಲಿ ನೂರಾರು ಅಡಿ ಎತ್ತರಕ್ಕೆ ಏಳುವ ಮರಳ ಬೆಟ್ಟಗಳೂ ಇದೇ ಗಾಳಿ, ಇದೇ ಕಣಗಳ ಕೆಲಸವೇ.

ಈ ಕಾರ್ಯವನ್ನು ಅಳೆದು ತೂಗಿ ಬರೆದವನು ಬ್ಯಾಗ್ನೋಲ್ಡ್ ಎಂಬ ಆಂಗ್ಲ ಸೈನ್ಯದ ಇಂಜಿನಿಯರು. ಈಜಿಪ್ಟಿನ ಪಶ್ಚಿಮಕ್ಕೆ ಹಬ್ಬಿರುವ ಲಿಬಿಯಾ ಮರುಭೂಮಿಯಲ್ಲಿ ಮೋಟಾರುಗಳನ್ನು ಓಡಿಸಿ ಅಲೆದಾಡಿದ ಆತನು, ಊರಿಗೆ ಮರಳಿದ ಮೇಲೆ ಗಾಳಿಯ ಕೊಳವೆಯೊಂದನ್ನು ಕಟ್ಟಿಕೊಂಡು ಅದರೊಳಗೆ ಮರಳನ್ನು ಹಾರಿಸಿ ಪರೀಕ್ಷಿಸಿದನು. ಬೀಸುವ ಮರಳನ್ನು ಕುರಿತ ಆತನ ಗ್ರಂಥವು 1941ರಲ್ಲಿ ಪ್ರಕಟವಾಯಿತು. ಮರಳು ಧೂಳಿನಂತೆ ಆಕಾಶಕ್ಕೆ ಹಾರುವುದಿಲ್ಲವೆಂಬುದು ಆತನು ತೋರಿಸಿಕೊಟ್ಟ ಮುಖ್ಯ ಸಂಗತಿ. ಗಾಳಿಯು ಗಂಟೆಗೆ ಸುಮಾರು 20 ಕಿಲೋಮೀಟರಿನ ವೇಗಕ್ಕೆ ಬಂದಾಗ ಒಣಗಿದ ಕಣವು ನೆಗೆಯುತ್ತದೆ. ಸ್ವಲ್ಪ ದೂರ ಸಾಗಿ ಬೀಳುತ್ತದೆ. ಬಿದ್ದ ಪೆಟ್ಟಿಗೆ ಇನ್ನಷ್ಟು ಕಣಗಳನ್ನು ನೆಗೆಸುತ್ತದೆ. ಬಹುಪಾಲು ಮರಳು ಮನುಷ್ಯನ ಸೊಂಟದ ಎತ್ತರವನ್ನೂ ದಾಟದೆ, ಕುಪ್ಪಳಿಸುತ್ತ ಕುಪ್ಪಳಿಸುತ್ತ, ನೆಲವನ್ನು ಹಿಡಿದೇ ಮುನ್ನಡೆಯುತ್ತದೆ. ಹಗುರವಾದ ಧೂಳನ್ನು ಗಾಳಿ ದೂರಕ್ಕೆ ಒಯ್ದುಬಿಡುತ್ತದೆ, ಭಾರವಾದ ಹರಳನ್ನು ಇದ್ದಲ್ಲಿಯೇ ಬಿಡುತ್ತದೆ. ಕೇರುವ ಹೆಂಗಸಿನ ಮೊರದಲ್ಲಿ ಹೊಟ್ಟು ಹಾರಿ ಕಲ್ಲು ಬೇರೆಯಾಗುವಂತೆ ಇಲ್ಲಿಯೂ ಆಗುತ್ತದೆ. ಉಳಿಯುವುದು ಒಂದೇ ಗಾತ್ರದ, ಉಜ್ಜಿ ಉಜ್ಜಿ ನುಣುಪಾದ ಕಣಗಳ ರಾಶಿ.

ದಿಣ್ಣೆಯ ಚೆಲುವಿಗೆ ಮೂಲವು ಈ ಕೇರುವಿಕೆಯಲ್ಲಿದೆ. ಗಾಳಿ ಬರುವ ಕಡೆಗೆ ಅದು ಆಕಳ ಬೆನ್ನಿನಂತೆ ಮೆಲ್ಲಮೆಲ್ಲನೆ ಏರುತ್ತದೆ. ನೆತ್ತಿಯನ್ನು ಮುಟ್ಟಿದ ಕಣವು ಮರೆಯ ಕಡೆಗೆ ಉರುಳುತ್ತದೆ. ಆ ಕಡೆಯ ಇಳಿಜಾರು ಕಡಿದಾದುದು. ಮೂವತ್ತಕ್ಕೆ ಮೂರು ನಾಲ್ಕು ಹೆಚ್ಚು ಅಂಶಗಳ ಕೋನವನ್ನು ಅದು ಮೀರಲಾರದು, ಮೀರಿದರೆ ಜಾರಿಬೀಳುತ್ತದೆ. ಅಕ್ಕಿಯನ್ನು ಸುರಿದಾಗಲೂ ರಾಶಿಯು ತನ್ನ ಕೋನವನ್ನು ತಾನೇ ಹುಡುಕಿಕೊಳ್ಳುವುದನ್ನು ಮನೆಯ ತಾಯಂದಿರೆಲ್ಲ ಕಂಡಿದ್ದಾರೆ. ಗಾಳಿಯು ವರ್ಷವೆಲ್ಲ ಒಂದೇ ದಿಕ್ಕಿನಿಂದ ಬೀಸಿ, ಮರಳು ಮಿತವಾಗಿದ್ದ ಬಯಲಿನಲ್ಲಿ ದಿಣ್ಣೆಯು ಬಿದಿಗೆಯ ಚಂದ್ರನ ಆಕಾರವನ್ನು ತಾಳುತ್ತದೆ. ಎರಡು ಅಂಚುಗಳಲ್ಲಿ ಮರಳು ಕಡಿಮೆಯಾದುದರಿಂದ ಅವು ಬೇಗ ಸಾಗಿ ಕೊಂಬುಗಳಂತೆ ಮುಂದಕ್ಕೆ ಚಾಚುತ್ತವೆ. ಚಂದ್ರಮೌಳಿಯ ನೆನಪು ಭಕ್ತನಿಗೆ ಆದರೆ ಆಗಲಿ. ಆ ಹೋಲಿಕೆಯನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. ಮೈಮೇಲೆ ಗೆರೆಗೆರೆಯಾಗಿ ಮೂಡುವ ಸಣ್ಣ ತೆರೆಗಳೂ, ಇಳಿಹೊತ್ತಿನಲ್ಲಿ ಒಂದು ಮಗ್ಗುಲು ಹೊನ್ನಾಗಿ ಇನ್ನೊಂದು ಮಗ್ಗುಲು ಕಡುನೆರಳಾಗುವ ಪರಿಯೂ ನೋಡುವವನ ಮಾತನ್ನು ಕಟ್ಟಿಬಿಡುತ್ತವೆ. ಚೆಲುವಿಗೆ ಹೆದರಿ ಕಣ್ಣುಮುಚ್ಚಬೇಕೆಂದು ಶರಣರು ಬೋಧಿಸಿದವರಲ್ಲ. ಗಿರಿ, ವನ, ಕೊಳ, ದುಂಬಿಗಳನ್ನು ಕಂಡು ಅವುಗಳಲ್ಲಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಅರಸಿದ ಅಕ್ಕಮಹಾದೇವಿಯ ಪರಂಪರೆಯಲ್ಲಿ ಕಣ್ಣಿಗೆ ನಿಷೇಧವಿಲ್ಲ.

ಈ ಚೆಲುವಿನೊಳಗೆ ಒಂದು ವಿಚಿತ್ರವಿದೆ. ನಿಂತಂತೆ ಕಾಣುವ ದಿಣ್ಣೆಯು ನಡೆಯುತ್ತಿರುತ್ತದೆ. ಗಾಳಿಯ ಕಡೆಯಿಂದ ಒಂದು ಪದರ ಮರಳು ಎದ್ದು ನೆತ್ತಿಯನ್ನು ದಾಟಿ ಮರೆಯಲ್ಲಿ ಹೂತುಹೋಗುತ್ತದೆ. ದಿಣ್ಣೆಯೆಲ್ಲ ಅದರ ಮೇಲೆ ಹಾದುಹೋದ ಬಳಿಕ ಅದೇ ಮರಳು ಹಿಂಬದಿಯಲ್ಲಿ ಮತ್ತೆ ಬೆಳಕು ಕಾಣುತ್ತದೆ. ಆಕಾರ ಅದೇ, ಇಂದು ಮೇಲಿರುವ ಕಣ ನಾಳೆ ಮೇಲಿರದು. ಚಿಕ್ಕ ದಿಣ್ಣೆಯು ಬೇಗ ನಡೆಯುತ್ತದೆ, ದೊಡ್ಡದು ನಿಧಾನ. ಹೀಗೆ ಸದಾ ಚಲಿಸುವ ವಸ್ತುವನ್ನು ಕಂಡೊಡನೆ, ವಚನಗಳನ್ನು ಅಲ್ಪಸ್ವಲ್ಪ ಓದಿಕೊಂಡವರು ಇದನ್ನು ಜಂಗಮಕ್ಕೆ ದೃಷ್ಟಾಂತವಾಗಿ ಹಿಡಿಯಲು ಆತುರಪಡಬಹುದು: ಕಲ್ಲಿನ ಗುಡಿ ಸ್ಥಾವರ, ನಡೆಯುವ ಮರಳು ಜಂಗಮ, ಸ್ಥಾವರವು ಅಳಿಯುತ್ತದೆ, ಜಂಗಮವು ಉಳಿಯುತ್ತದೆ ಎಂದು. ಕೇಳಲು ಇಂಪಾದ ಈ ಮಾತು ತತ್ತ್ವಕ್ಕೆ ಸಲ್ಲದು.

ಶರಣರು ಸ್ಥಾವರ ಜಂಗಮಗಳನ್ನು ಬೇರ್ಪಡಿಸಿದುದು ಕಾಲಿನ ಲೆಕ್ಕದಿಂದಲ್ಲ. ಚರವೆಂಬುದು ಒಂದು, ಜಂಗಮವೆಂಬುದು ಇನ್ನೊಂದು. ನದಿ, ಮೋಡ, ತರಗೆಲೆ, ಸಂತೆಯ ಗುಂಪು ಇವೆಲ್ಲ ಚರ. ಅರಿವು ಮೈಗೊಂಡು ಆಚಾರವಾಗಿ ನಡೆದಾಗ ಮಾತ್ರ ಅದು ಜಂಗಮ. ಮರಳಿಗೆ ನಡೆಯುಂಟು, ಗುರಿಯಿಲ್ಲ. ಬಡಗಣಗಾಳಿ ಬೀಸಿದರೆ ತೆಂಕಣಕ್ಕೆ, ಪಡುವಣಗಾಳಿ ಬೀಸಿದರೆ ಮೂಡಣಕ್ಕೆ. ಬಿದ್ದರೆ ಗುಡಿಯ ಮೇಲೆಯೂ ಬಿದ್ದೀತು, ಗುಡಿಸಲ ಮೇಲೆಯೂ ಬಿದ್ದೀತು. ಊರೂರು ಅಲೆದವನೆಲ್ಲ ಜಂಗಮನಾಗುವುದಾದರೆ ಬಿರುಗಾಳಿಗಿಂತ ದೊಡ್ಡ ಜಂಗಮವಿಲ್ಲ. ಕಾವಿಯುಟ್ಟು ಮನೆಮನೆಗೆ ತಿರುಗಿದ ಮಾತ್ರಕ್ಕೆ ಪಾದೋದಕಕ್ಕೆ ಅರ್ಹರೆಂದು ತಿಳಿದವರು ಈ ಭೇದವನ್ನು ತುಸು ಯೋಚಿಸಬೇಕು.

ಅರಿವಿಲ್ಲದ ಚಲನೆಯು ಸ್ಥಾವರವನ್ನು ಸಂಧಿಸಿದಾಗ ಏನಾಗುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಸಾಕ್ಷಿಯುಂಟು. ಅದು ಕಾವೇರಿಯ ದಡದ ತಲಕಾಡು. ಗಂಗರಸರು ಹಲವು ಶತಮಾನ ಆಳಿದ ರಾಜಧಾನಿಯದು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಕೈಸೇರಿ ರಾಜರಾಜಪುರವೆಂಬ ಹೆಸರನ್ನು ಹೊತ್ತುಕೊಂಡಿತು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರನ್ನು ಹೊರದೂಡಿ ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು. ಮರುವರ್ಷ, 1117ರಲ್ಲಿ, ಗೆಲುವಿನ ನೆನಪಿಗೆ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಗಂಗರು ಕೊಂಡರು, ಚೋಳರು ಕೊಂಡರು, ಹೊಯ್ಸಳರು ಕೊಂಡರು, ವಿಜಯನಗರದವರೂ ಮೈಸೂರಿನವರೂ ಕೊಂಡರು. ಎಲ್ಲರ ಬಳಿಕ ಬಂದು ಯಾವ ಬಿರುದನ್ನೂ ಬೇಡದೆ ಊರನ್ನು ಕೊಂಡುದು ಮರಳು.

ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಗೆಜೆಟಿಯರಿನಲ್ಲಿ ಕೊಟ್ಟಿರುವ ವರ್ಣನೆಯು ಇಂದಿಗೂ ಮೈನವಿರೇಳಿಸುತ್ತದೆ. ಹಳೆಯ ಪಟ್ಟಣದ ಮೇಲೆ ಹೆಚ್ಚುಕಡಿಮೆ ಒಂದು ಮೈಲಿ ಉದ್ದದ ಮರಳಗುಡ್ಡಗಳು ಹಬ್ಬಿದ್ದವು. ಮುಖ್ಯವಾಗಿ ನೈಋತ್ಯದ ಮಾರುತದ ದಿನಗಳಲ್ಲಿ ಅವು ವರ್ಷಕ್ಕೆ 9-10 ಅಡಿಯಂತೆ ಊರಿನ ಮೇಲೆ ಸರಿದುಬರುತ್ತಿದ್ದವು. ಮೂವತ್ತಕ್ಕೂ ಹೆಚ್ಚು ಗುಡಿಗಳು ಅಡಿಯಲ್ಲಿ ಹೂತಿವೆಯೆಂದು ಜನರು ಹೇಳುತ್ತಿದ್ದರು. ಮರಳು ಮೂರು ಕಡೆಯಿಂದ ಒತ್ತಿಬರಲು ಜನರು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಯಿತು. ವರ್ಷಕ್ಕೆ ಹತ್ತಡಿಯೆಂದರೆ ದಿನಕ್ಕೆ ಒಂದು ಹೆಬ್ಬೆರಳಿನ ಅಗಲವೂ ಇಲ್ಲ. ಅಂಗಳದಲ್ಲಿ ಕುಳಿತವನಿಗೆ ಅದು ಬರುವುದು ಕಾಣದು. ಅಜ್ಜನ ಕಾಲದಲ್ಲಿ ದೂರದ ನೋಟವಾಗಿದ್ದುದು ಮೊಮ್ಮಗನ ಕಾಲಕ್ಕೆ ಹಿತ್ತಿಲ ಬಾಗಿಲಿಗೆ ಆನಿಕೊಂಡಿರುತ್ತದೆ.

ಇದರ ಕಾರಣವನ್ನು ಜನಪದವು ಶಾಪದಲ್ಲಿ ಕಂಡಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಬಳಿಕ, ಹಿಂದಿನ ಅಧಿಪತಿಯ ರಾಣಿ ಅಲಮೇಲಮ್ಮನ ಆಭರಣಗಳಿಗಾಗಿ ದೂತರು ಬೆನ್ನಟ್ಟಲು, ಆಕೆಯು ತಲಕಾಡನ್ನೂ ಎದುರುದಡದ ಮಾಲಂಗಿಯನ್ನೂ ದೊರೆಯ ಸಂತಾನವನ್ನೂ ಶಪಿಸಿ ಹೊಳೆಗೆ ಹಾರಿದಳೆಂಬ ಕಥೆಯನ್ನು ಕೇಳದವರು ವಿರಳ. ವಿದ್ವಾಂಸರು ಕಾರಣವನ್ನು ಹೊಳೆಯಲ್ಲಿಯೇ ಹುಡುಕುತ್ತಾರೆ. ತಲಕಾಡಿನ ಬಳಿ ಕಾವೇರಿಯು ಬಾಗಿ ಹರಿಯುತ್ತದೆ. ಬಾಗಿದ ಹೊಳೆಯು ಹೊರದಡವನ್ನು ಕೊರೆದು ಒಳದಡದಲ್ಲಿ ಮರಳನ್ನು ಚೆಲ್ಲುತ್ತದೆ. ಮೇಲ್ಗಡೆ ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯ ಅಣೆಕಟ್ಟೆಯೆದ್ದು ನೀರು ಕಾಲುವೆಗೆ ತಿರುಗಿದ ಮೇಲೆ, ಹೊಳೆಯ ಪಾತ್ರದ ಮರಳು ಹೆಚ್ಚುಕಾಲ ಬಿಸಿಲಿಗೆ ಒಡ್ಡಿಕೊಂಡು ಒಣಗಿ, ನೈಋತ್ಯದ ಗಾಳಿಗೆ ಸಿಕ್ಕಿತೆಂದು ಅವರಲ್ಲಿ ಕೆಲವರ ಅಭಿಪ್ರಾಯ. ಹಾಗಾಗಿದ್ದರೆ ಗದ್ದೆಗೆ ಅನ್ನವಾದ ನೀರೇ ಗುಡಿಗೆ ಮರಳಾಗಿ ಬಂದಂತಾಯಿತು. ಕಟ್ಟಿದವನು ಕೇಡನ್ನು ಬಗೆದವನಲ್ಲ. ಆದರೆ ಮಾಡಿದ ಕಾರ್ಯವು ಬಗೆದ ಫಲದೊಡನೆಯೇ ನಿಲ್ಲುವುದಿಲ್ಲ. ಈ ಎರಡು ವಿವರಣೆಗಳಲ್ಲಿ ಎರಡನೆಯದೇ ಹೆಚ್ಚು ಭಯವನ್ನು ಹುಟ್ಟಿಸುವಂತಹುದು. ಶಾಪಕ್ಕೆ ಶಪಿಸಿದವರೊಬ್ಬರು ಬೇಕು. ಕರ್ಮಕ್ಕೆ ಯಾರೂ ಬೇಡ.

ಕನ್ನಡದ ನುಡಿಯು ಇಲ್ಲಿ ಒಂದು ಚೋದ್ಯವನ್ನು ಮಾಡಿದೆ. ಹೊಯಿಗೆಗೂ ಮರಳು, ಹಿಂದಿರುಗುವುದಕ್ಕೂ ಮರಳು; ಒಂದು ಕೊಂಬು ಸೇರಿದರೆ ಮರುಳು, ಬುದ್ಧಿಯ ಭ್ರಮೆ. ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬನು ಮರುಳೇಶ್ವರ. ಸೈಕತೇಶ್ವರನೆಂದೂ ಆತನಿಗೆ ಹೆಸರುಂಟು. ಸೈಕತವೆಂದರೂ ಮರಳೇ.

ಭ್ರಮೆಯ ಮಾತು ಬಂದುದರಿಂದ ಕಡಲಂಚಿನ ತೆಂಗಿನ ಸಿಪ್ಪೆಯನ್ನು ಮತ್ತೊಮ್ಮೆ ನೆನೆಯಬೇಕು. ದಿಣ್ಣೆಯು ಹುಟ್ಟಲು ಒಂದು ತಡೆ ಬೇಕು; ಬೆಳೆಯಲು ಅದು ಬೇಡ. ರಾಶಿಯು ಒಂದು ಗಾತ್ರಕ್ಕೆ ಬಂದ ಮೇಲೆ ತಾನೇ ಗಾಳಿಗೆ ತಡೆಯಾಗುತ್ತದೆ, ತನ್ನ ಮರೆಯಲ್ಲಿ ತಾನೇ ಮರಳನ್ನು ಕೂಡಿಸಿಕೊಳ್ಳುತ್ತದೆ. ಸಿಪ್ಪೆಯು ಅಡಿಯಲ್ಲಿ ಕೊಳೆತು ಹೋದರೂ ದಿಣ್ಣೆಗೆ ಅದರ ಪರಿವೆಯಿಲ್ಲ. ಆಣವಮಲವೆಂದು ಶಾಸ್ತ್ರವು ಕರೆಯುವುದು ಇದಕ್ಕಿಂತ ಬೇರೆಯಲ್ಲ. ಅಣುವಿನಷ್ಟು ಚಿಕ್ಕದಾದ 'ನಾನು' ಎಂಬ ತಡೆ. ಅದರ ಹಿಂದೆ ಬಿದ್ದ ಮೊದಲ ಕಣ. ಅಣ್ಣತಮ್ಮಂದಿರಿಬ್ಬರು ಗಡಿಯ ಮೇಲಿನ ಒಂದು ತೆಂಗಿನ ಮರಕ್ಕಾಗಿ ಮುನಿಸಿಕೊಳ್ಳುತ್ತಾರೆ. ಒಂದು ವರ್ಷ ಮಾತಿಲ್ಲ. ಮಾತಿಲ್ಲವೆಂಬುದಕ್ಕಾಗಿ ಮದುವೆಗೆ ಕರೆಯಿಲ್ಲ. ಕರೆಯಲಿಲ್ಲವೆಂಬುದಕ್ಕಾಗಿ ತಾಯಿಯ ಉತ್ತರಕ್ರಿಯೆಗೂ ಬರಲಿಲ್ಲ. ಸಿಡಿಲು ಬಡಿದು ಆ ಮರ ಎಂದೋ ಸತ್ತಿರುತ್ತದೆ. ದ್ವೇಷವು ಮಾತ್ರ ಮಕ್ಕಳ ಮನೆಯ ಕಡೆಗೆ ವರ್ಷಕ್ಕೆ ಹತ್ತಡಿಯಂತೆ ಸಾಗುತ್ತಲೇ ಇರುತ್ತದೆ. ಅವರನ್ನು ಕೂಡಿಸಿ ಮೂಲ ಕಾರಣವನ್ನು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ, ಎರಡೂ ಮರದ ಬಳಿಕದವು.

ಹಾಗಾದರೆ ಮರಳನ್ನು ತಡೆಯುವ ಬಗೆ ಯಾವುದು? ಮೊದಲು ತೋಚುವುದು ಗೋಡೆ. ಮರಳು ಬರುವ ದಾರಿಗೆ ಗೋಡೆಯನ್ನು ಕಟ್ಟಿದರೆ ಗೋಡೆಯೂ ಒಂದು ತಡೆಯಾಗಿ, ಅದರ ಹಿಂದುಮುಂದುಗಳಲ್ಲಿ ರಾಶಿ ಬೆಳೆದು, ಕಡೆಗೆ ಮರಳು ಆ ರಾಶಿಯನ್ನೇ ಮೆಟ್ಟಿಲಾಗಿ ಮಾಡಿಕೊಂಡು ಆಚೆಗೆ ಇಳಿಯುತ್ತದೆ. ಕಡಲಿನ ಕಡೆಯ ಅನುಭವವೂ ದೂರವಲ್ಲ. ಮಳೆಗಾಲದ ದೊಡ್ಡ ಅಲೆಗಳು ತೀರದ ಹೊಯಿಗೆಯನ್ನು ಒಳಗೆಳೆದು ನೀರಿನಡಿಯಲ್ಲಿ ಏರಿಯಾಗಿ ಇಡುತ್ತವೆ. ಮಳೆ ನಿಂತ ಮೇಲೆ ಸೌಮ್ಯವಾದ ಅಲೆಗಳು ಅದನ್ನು ಮರಳಿ ತರುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿ ತೀರದ ದಿಣ್ಣೆಯೇ ಕಣಜ. ಕಣಜವನ್ನು ಸಮತಟ್ಟು ಮಾಡಿ ಅದರ ಮೇಲೆ ಮನೆ, ರಸ್ತೆಗಳನ್ನು ಹಾಕಿದ ಬಳಿಕ ಕಡಲಕೊರೆತವೆಂದು ಬೊಬ್ಬೆಯಿಟ್ಟು ಲಾರಿಗಟ್ಟಲೆ ಬಂಡೆಗಳನ್ನು ಸುರಿಯಬೇಕಾಗುತ್ತದೆ. ಬಂಡೆಗೆ ಬಡಿದ ಅಲೆಯು ಹಿಂದಿರುಗುವಾಗ ಬಂಡೆಯ ಬುಡದ ಹೊಯಿಗೆಯನ್ನೇ ಕೊರೆದುಕೊಂಡು ಹೋಗುತ್ತದೆ. ಮನೆ ಕಳೆದುಕೊಳ್ಳುವವರ ಸಂಕಟವನ್ನು ಹಗುರಮಾಡಿ ಆಡುವ ಮಾತಲ್ಲವಿದು; ಅಪಾಯ ಮನೆಯಂಗಳಕ್ಕೆ ಬಂದಾಗ ಬಂಡೆಯಾದರೂ ಬೇಕು. ಅದು ಬರುವ ಮೊದಲು ಅಲ್ಲಿ ಇನ್ನೊಂದು ಕಾವಲಿತ್ತೆಂಬುದು ಮರೆತುಹೋಗಬಾರದು.

ಆ ಕಾವಲು ಅಡುಂಬು ಬಳ್ಳಿಯದು. ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಿಳೆ ಬಣ್ಣದ ಹೂ; ಉಪ್ಪಿಗೂ ಉರಿಬಿಸಿಲಿಗೂ ಅಂಜದೆ ಹೊಯಿಗೆಯ ಮೇಲೆ ಹತ್ತಾರು ಅಡಿ ಹರಿಯುವ ಈ ಬಳ್ಳಿಗೆ ಯಾರೂ ನೀರೆರೆಯುವುದಿಲ್ಲ. ಜೊತೆಗೆ ರಾವಣನ ಮೀಸೆಯೆಂಬ ಚುಚ್ಚುಹುಲ್ಲು, ಹಿಂದೆ ಕೇದಗೆಯ ಮೆಳೆ. ಅಡುಂಬು ಗಾಳಿಯನ್ನು ಎದುರಿಸಿ ನಿಲ್ಲುವುದಿಲ್ಲ, ನೆಲಕ್ಕೆ ಮೈಚಾಚಿ ಅದರ ವೇಗವನ್ನು ಮಾತ್ರ ಇಳಿಸುತ್ತದೆ. ಬಿದ್ದ ಮರಳು ಅದನ್ನು ಹೂಳುತ್ತದೆ. ಹೂತ ಗಿಣ್ಣಿನಿಂದ ಅದು ಬೇರುಬಿಟ್ಟು ಹೊಸ ಕುಡಿಯನ್ನು ಮೇಲಕ್ಕೆ ಕಳುಹಿಸುತ್ತದೆ. ಮತ್ತೆ ಮರಳು, ಮತ್ತೆ ಬೇರು. ಉಳಿದ ಗಿಡಗಳಿಗೆ ಸಾವಾದ ಹೂಳು ಇದಕ್ಕೆ ನೆಲೆಯಾಗುತ್ತದೆ. ಬರುವುದನ್ನೆಲ್ಲ ಪ್ರಸಾದವೆಂದು ಸ್ವೀಕರಿಸುವುದೆಂದರೆ ಏನೆಂದು ಶಿಷ್ಯನೊಬ್ಬನು ಕೇಳಿದರೆ ಗುರುವು ಈ ಬಳ್ಳಿಯನ್ನು ತೋರಿಸಬಹುದು. ಪ್ರಸಾದಿಯು ಕಷ್ಟವನ್ನು ಬೇಡಿ ತರುವುದಿಲ್ಲ, ಬಂದುದನ್ನು ಹಳಿಯುವುದೂ ಇಲ್ಲ, ಬಂದುದರಲ್ಲಿ ಬೇರುಬಿಡುತ್ತಾನೆ.

ಇಂದ್ರಿಯಗಳ ವಿಷಯದಲ್ಲಿ ಶರಣರು ಹಿಡಿದ ದಾರಿಯೂ ಈ ಬಗೆಯದೇ. ಕಣ್ಣು ಕಿವಿಗಳಿಗೆ ಗೋಡೆಯನ್ನು ಕಟ್ಟಿ ದೇಹವನ್ನು ದಂಡಿಸುವುದನ್ನು ಅವರು ಮೆಚ್ಚಲಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದಿನದಿನವೂ ದೃಷ್ಟಿಯನ್ನು ನೆಡುವುದು, ಕಾಯಕದಲ್ಲಿ ಕೈಯನ್ನು ನೆಡುವುದು, ದಾಸೋಹದಲ್ಲಿ ಗಳಿಕೆಯನ್ನು ನೆಡುವುದು ಅವರು ತೋರಿದ ಸಾಧನೆ. ಒಂದು ದಿನದ ಪೂಜೆಯು ಒಂದು ಗಿಣ್ಣಿನ ಬೇರಷ್ಟೆ; ಅದರಿಂದ ದಿಣ್ಣೆ ನಿಲ್ಲದು. ಆದರೆ ಬೇರಿನ ಹಂದರದಲ್ಲಿ ಒಂದು ತೂತಾದರೆ ಏನಾಗುವುದೆಂಬುದನ್ನೂ ತೀರದಲ್ಲಿಯೇ ನೋಡಬಹುದು. ಜನರು ತುಳಿದು ತುಳಿದು ಬಳ್ಳಿ ಸತ್ತ ಕಾಲುದಾರಿಯಲ್ಲಿ ಗಾಳಿಯು ಬಾಯಿಹಾಕಿ, ಒಂದೆರಡು ಬೇಸಗೆಯಲ್ಲಿ ದೊಡ್ಡ ಕುಳಿಯನ್ನು ತೋಡಿ, ನಿಂತ ದಿಣ್ಣೆಯನ್ನು ಮತ್ತೆ ನಡೆಸುತ್ತದೆ.

ಹರಿಹರನ ಪ್ರಭುದೇವರ ರಗಳೆಯಲ್ಲಿ ಬರುವ ವೃತ್ತಾಂತವನ್ನು ತಲಕಾಡನ್ನು ಕಂಡವರು ಬೇರೊಂದು ಕಿವಿಯಿಂದ ಕೇಳುತ್ತಾರೆ. ಮದ್ದಳೆಯ ಅಲ್ಲಮನು ಒಲಿದ ಕಾಮಲತೆಯನ್ನು ಸಾವಿಗೆ ಒಪ್ಪಿಸಿ ಮರುಳಾಗಿ ಅಲೆಯುತ್ತಿದ್ದನು. ತೋಟವೊಂದರಲ್ಲಿ ಕುಳಿತು ಬರಿದೆ ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರಲು ಹೊನ್ನಕಳಸವೊಂದು ಮಿನುಗಿತು. ಅಗೆಸಿದಾಗ ಹೂತ ಗುಡಿಯ ಬಾಗಿಲು; ಒಳಹೊಕ್ಕಾಗ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮನ ಕೈಗೆ ಬಂದಿತು. ಕೊಟ್ಟವನ ಪ್ರಾಣವು ಬಯಲಾಯಿತು. ಹೊನ್ನಕಳಸದ ಗುಡಿಯನ್ನು ಅಲ್ಲಮನು ಜೀರ್ಣೋದ್ಧಾರ ಮಾಡಿಸಲಿಲ್ಲ, ಅಲ್ಲಿ ಅರ್ಚಕನಾಗಿ ನಿಲ್ಲಲೂ ಇಲ್ಲ. ಲಿಂಗವನ್ನು ಹಿಡಿದು ಹೊರಟನು. ಅದುವರೆಗೆ ಆತನದು ಅಲೆದಾಟ. ಅಲ್ಲಿಂದ ಮುಂದೆ ಆತನದು ಜಂಗಮಚರಿತೆ. ಕಾಲುಗಳು ಅವೇ ಆಗಿದ್ದವು, ದಾರಿಯೂ ಅದೇ ಮಣ್ಣಿನದು. ನಡೆಯಿಸುವ ಗಾಳಿ ಹೊರಗಿನದಾಗಿದ್ದುದು ಒಳಗಿನ ಅರಿವಾಯಿತು. ಗುಡಿಯು ಮಣ್ಣಿನಡಿಯಲ್ಲಿ ಕೇಡಿಲ್ಲದೆ ಉಳಿದುದರಿಂದಲೇ ಲಿಂಗವು ಕೈಗೆ ಬಂದಿತೆಂಬುದನ್ನೂ ಮರೆಯಬಾರದು. ಸ್ಥಾವರವನ್ನು ಹಳಿಯುವುದೇ ಶರಣಧರ್ಮವೆಂದು ತಿಳಿದವರು ಈ ಕಥೆಯನ್ನು ಅರ್ಧಕ್ಕೆ ಓದಿದವರು.

ತಲಕಾಡಿನ ಮರಳೂ ನುಂಗಿದುದನ್ನು ಕೆಡಿಸಲಿಲ್ಲ. 1992-93ರಲ್ಲಿ ಅಲ್ಲಿ ಉತ್ಖನನ ನಡೆದು ಹೂತ ಕಟ್ಟಡಗಳ ಅವಶೇಷಗಳು ಬೆಳಕಿಗೆ ಬಂದವು. ದಿಣ್ಣೆಗಳ ಮೇಲೆ ಮರಗಳನ್ನು ನೆಟ್ಟು ಬೆಳೆಸಿರುವುದರಿಂದ ಮರಳಿನ ನಡೆ ಕುಗ್ಗಿದೆ. ಕಾರ್ತಿಕ ಸೋಮವಾರದ ವಿಶೇಷ ಯೋಗವು ಕೂಡಿಬಂದ ವರ್ಷಗಳಲ್ಲಿ ಪಂಚಲಿಂಗದರ್ಶನ ನಡೆಯುತ್ತದೆ. 2009, 2013, 2020ರಲ್ಲಿ ಹೀಗೆ ನಡೆಯಿತು. ಯಾತ್ರಿಕರು ಮರಗಳ ನಡುವಿನ ಮರಳಿನಲ್ಲಿ ಕಾಲು ಹುಗಿಯುತ್ತ ನಡೆದು ಪಾತಾಳೇಶ್ವರನಲ್ಲಿಗೂ ಮರುಳೇಶ್ವರನಲ್ಲಿಗೂ ಬರುತ್ತಾರೆ. ಈ ಗುಡಿಗಳಿಗೆ ಮೆಟ್ಟಿಲು ಹತ್ತುವುದಿಲ್ಲ, ಇಳಿಯಬೇಕು. ಸುತ್ತಲಿನ ನೆಲ ಅಷ್ಟು ಮೇಲಕ್ಕೆದ್ದಿದೆ. ಒಂದು ದರ್ಶನಕ್ಕೂ ಇನ್ನೊಂದಕ್ಕೂ ನಡುವೆ ಅಂಚಿನ ಮರಳು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಜಾರುತ್ತದೆ. ಮುಂದಿನ ಯೋಗವು ಸಮೀಪಿಸಿದಾಗ ಅದನ್ನು ತುಂಬಿ ಮೇಲಕ್ಕೆ ಸಾಗಿಸುವ ಕೆಲಸ ಮತ್ತೆ ಮೊದಲಾಗುತ್ತದೆ.